ದೊಡ್ಡಕ್ಕ ಕೊಡದ ಬಲೆ

ಸೊಕ್ಕೆ ಎಂಬ ಊರಿನಲ್ಲಿ ಬಿತ್ತುವ ಕೂರಿಗೆ ಬೇಕಾದವರು, ಗುದ್ದಲಿ ಬೇಕಾದವರು, ಮದುವೆಗೆ ದೊಡ್ಡ ಹಂಡೆ ಬೇಕಾದವರು ಮೊದಲು ಬರುತ್ತಿದ್ದುದು ದೊಡ್ಡಕ್ಕನ ಅಂಗಳಕ್ಕೆ. ಕೇಳಿ ಬಂದವರನ್ನು ಆಕೆ ಬರಿಗೈಯಲ್ಲಿ ಕಳುಹಿಸಿದವಳೇ ಅಲ್ಲ. ಗುದ್ದಲಿಯ ಕಾವು ಮುರಿದು ತಂದವರಿಗೂ ಮಜ್ಜಿಗೆ ಕೊಟ್ಟೇ ಕಳುಹಿಸುತ್ತಿದ್ದಳು.

ಆಕೆಯ ಕೊಳವೆಬಾವಿಯಲ್ಲಿ ಬಂದದ್ದು ಉಪ್ಪುನೀರು. ಜೋಳಕ್ಕೂ ಆಗದು, ಕುಡಿಯಲೂ ಆಗದು. ಸೀಗಡಿಯ ಮೇವು ಮಾರುವ ಪ್ರವೀಣ್ ಕುಮಾರನ ಮಾತು ಕೇಳಿ, ಹೊಂಡ ತೋಡಿಸಿ, ದಪ್ಪ ಪ್ಲಾಸ್ಟಿಕ್ ಹಾಸಿ, ಸಮುದ್ರದ ಸೀಗಡಿಮರಿ ತರಿಸಿ ಬಿಟ್ಟಳು. ಸಮುದ್ರವನ್ನೇ ಕಾಣದವಳು ಸೀಗಡಿ ಸಾಕುತ್ತಾಳೆಂದು ಊರು ನಕ್ಕಿತು. ಮರುವರ್ಷ ಪಕ್ಕದ ಹೊಲದ ಜುಂಜಪ್ಪ, ಅವನಾಚೆಯ ರಂಗಣ್ಣ ಇಬ್ಬರೂ ಹೊಂಡ ತೋಡಿದರು. ಮೂರು ಹೊಂಡಕ್ಕೂ ಇದ್ದ ಬೀಸುಬಲೆ ಒಂದೇ, ಅದು ದೊಡ್ಡಕ್ಕನದು.

ಈ ಸಲ ಆಕೆಯ ಸೀಗಡಿಗಳು ಮೇವು ತಿನ್ನುವುದನ್ನು ಬಿಟ್ಟವು. ಬೆನ್ನುದ್ದಕ್ಕೂ ಕಪ್ಪು ದಾರದಂತೆ ಕಾಣಬೇಕಾದ ಕರುಳು ಖಾಲಿಯಾಗಿತ್ತು. ಚಿಪ್ಪು ಬೆರಳಿಗೆ ಮೆತ್ತಗಿತ್ತು. ನೀರನ್ನು ಪರೀಕ್ಷೆಗೆ ಒಯ್ದಿದ್ದ ಪ್ರವೀಣ್ ಕುಮಾರ್ ಮೂರನೆಯ ದಿನ ಬೆಳಿಗ್ಗೆ ಬಂದು, ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಗಾಜಿನ ತಟ್ಟೆಯ ತುಂಬ ಹಸಿರು ಚುಕ್ಕೆ.

“ಇದು ವಿಬ್ರಿಯೊ ಅಂತಮ್ಮ, ಸಮುದ್ರದ ಬ್ಯಾಕ್ಟೀರಿಯಾ. ಮರಿ ಜತೆಗೇ ಬಂದಿರಬೌದು. ನೀರು ಹೊರಗೆ ಬಿಡಬ್ಯಾಡ್ರಿ. ಬಲೆ, ಬುಟ್ಟಿ ಯಾವುದೂ ಇನ್ನೊಂದು ಹೊಂಡಕ್ಕೆ ಹೋಗಬಾರ್ದು.”

ಅವನ ಬೈಕಿನ ಧೂಳು ಅಡಗುವ ಮೊದಲೇ ಜುಂಜಪ್ಪ ಬಂದ.

“ಅಕ್ಕಾ, ಬಲೆ ಕೊಡು. ಸೀಗಡಿ ತೂಕ ನೋಡಾಕೆ ಬೇಕು.”

ದೊಡ್ಡಕ್ಕ ಬಲೆಯತ್ತ ನೋಡಿದಳು. ನಿಜ ಹೇಳಿದರೆ ಸಂಜೆಯೊಳಗೆ ಸುದ್ದಿ ಜಗಳೂರಿನ ಬಸ್ ನಿಲ್ದಾಣ ಮುಟ್ಟೀತು. ಜುಂಜಪ್ಪನ ಬಾಯಿ ಅಂಥದು. ಆಮೇಲೆ ಊರೆಲ್ಲ ತನ್ನ ಹೊಂಡಕ್ಕೆ ಬೆರಳು ತೋರಿಸುವುದು ಖಂಡಿತ.

“ಇವತ್ತು ಬ್ಯಾಡ ಬಿಡೋ.”

“ಯಾಕೆ, ಹರಿದೈತಾ?”

“ಇಲ್ಲ.”

“ಮತ್ತೆ? ಈ ಸಲ ನನ್ನ ಸೀಗಡಿ ನಿನ್ನವಕ್ಕಿಂತ ದಪ್ಪ ಅದಾವೆ ಅಂತ ಹೊಟ್ಟೆಕಿಚ್ಚಾ?” ಎಂದು ನಗುತ್ತಲೇ ಅವನು ಗೂಟದಲ್ಲಿದ್ದ ಬಲೆಗೆ ಕೈ ಹಾಕಿದ.

ಆಕೆ ಅದನ್ನು ಕಸಿದು ಎದೆಗೆ ಅವುಚಿಕೊಂಡಳು. ಜುಂಜಪ್ಪನ ನಗು ನಿಂತಿತು.

“ಆತು ಬಿಡಕ್ಕ. ಇನ್ಮ್ಯಾಲೆ ನಿನ್ನ ಬಾಗಿಲಿಗೆ ಬರಾಕಿಲ್ಲ.”

ಅವನು ಅಂಗಳ ದಾಟುವಷ್ಟರಲ್ಲಿ ದೊಡ್ಡಕ್ಕನಿಗೆ ತಡೆಯಲಾಗಲಿಲ್ಲ. “ನಿಂದ್ರೋ! ನನ್ನ ಹೊಂಡಕ್ಕೆ ರೋಗ ಬಂದೈತೆ. ಬಲೆಗೂ ಹತ್ತೈತೆ. ನಿಂದಾದ್ರೂ ಉಳೀಲಿ ಅಂತ…”

ಜುಂಜಪ್ಪ ತಿರುಗಿದ. “ಯಾವಾಗಿಂದ?”

“ಮೇವು ಬಿಟ್ಟು ಎಂಟು ದಿನ ಆತು.”

“ಸೋಮವಾರ ಇದೇ ಬಲೆ ಒಯ್ದಿದ್ನಲ್ಲಕ್ಕ. ಇನ್ನೂ ಹಸಿ ಇತ್ತು. ನೀನೇ ಕೈಯಾರೆ ಕೊಟ್ಟೆ.”

ಬಲೆಯನ್ನು ಅಲ್ಲೇ ಹಾಕಿ, ಕೈ ತೊಳೆದು, ಆಕೆ ಅವನ ಹಿಂದೆಯೇ ಹೋದಳು. ಜುಂಜಪ್ಪ ತನ್ನ ಹೊಂಡದ ನೀರಿಗೆ ಇಳಿಬಿಟ್ಟಿದ್ದ ಮೇವಿನ ತಟ್ಟೆಯನ್ನು ಮೇಲೆತ್ತಿದ. ಬೆಳಗಿನ ಮೇವು ಅರ್ಧ ಹಾಗೆಯೇ ಇತ್ತು. ತಟ್ಟೆಯಲ್ಲಿದ್ದ ಏಳು ಸೀಗಡಿಗಳಲ್ಲಿ ಎರಡಕ್ಕೆ ಬೆನ್ನ ದಾರ ಕಾಣಲಿಲ್ಲ. ಅವನು ಬಯ್ಯಲಿಲ್ಲ. ಬಯ್ದಿದ್ದರೆ ಆಕೆಗೆ ಹಗುರವಾಗುತ್ತಿತ್ತು.

“ರಂಗಣ್ಣಂಗೂ ಕೊಟ್ಟಿದ್ಯಾ?” ಎಂದಷ್ಟೇ ಕೇಳಿದ.

“ಬುಧವಾರ.”

ಇಬ್ಬರೂ ಬದುವಿನ ಮೇಲೆ ರಂಗಣ್ಣನ ಹೊಂಡದತ್ತ ನಡೆದರು. ರಂಗಣ್ಣ ದೂರದಿಂದಲೇ ಅವರನ್ನು ಕಂಡು ಎದ್ದು ನಿಂತ. ಆಕೆಯ ಬರಿಗೈ ನೋಡಿ ಕೂಗಿದ: “ಬಲೆ ತರಲಿಲ್ವೇನಕ್ಕ?”