ಬೀಜದ ಭತ್ತ ಒಣಗಿಸಿದ್ದು

ನಾನು ವಿಜ್ಞಾನದ ಮೇಡಂ. ರಿಪ್ಪನ್‌ಪೇಟೆ ಹತ್ತಿರದ ನಮ್ಮೂರ ಹೈಸ್ಕೂಲಿನಲ್ಲೇ ಕೆಲಸ. ಹಸಿರುಮನೆ ಪರಿಣಾಮದ ಪಾಠಕ್ಕೆ ನಾನು ಬೋರ್ಡಿನ ಮೇಲೆ ಚಿತ್ರ ಬರೆಯುವುದೇ ಇಲ್ಲ. ಶಾಲೆಯ ಹಿಂದಿನ ಮನೆಯವರು ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹೊದಿಸಿದ ಶೆಡ್ ಮಾಡಿದ್ದಾರೆ. ಮಕ್ಕಳನ್ನು ಅದರೊಳಗೆ ನುಗ್ಗಿಸುತ್ತೇನೆ. ಎರಡೇ ನಿಮಿಷಕ್ಕೆ "ಮೇಡಂ, ಬೆಂದ್ ಹೋದ್ವಿ!" ಎಂದು ಹೊರಗೋಡಿ ಬರುತ್ತಾರೆ. ಬಿಸಿಲು ಒಳಗೆ ಬಂತು, ಕಾವು ಹೊರಗೆ ಹೋಗಲಿಲ್ಲ, ಅಷ್ಟೇ ಕಣ್ರೋ ಎನ್ನುತ್ತೇನೆ. ಕಲ್ಲಿದ್ದಲು, ಡೀಸೆಲ್ ಸುಟ್ಟು ನಾವು ಬಿಟ್ಟ ಇಂಗಾಲದ ಡೈಆಕ್ಸೈಡ್ ಭೂಮಿಯ ಸುತ್ತಲೂ ಹೀಗೇ ಕಾವು ಹಿಡಿದಿಡುತ್ತದೆ. ಕಾದ ಗಾಳಿ ಹೆಚ್ಚು ನೀರು ಹೊರುತ್ತದೆ, ಮಳೆಗೆ ಹೊತ್ತುಗೊತ್ತು ತಪ್ಪುತ್ತದೆ. ಇಷ್ಟು ಹೇಳಿ ಪಾಠ ಮುಗಿಸುತ್ತೇನೆ.

ಅಪ್ಪಯ್ಯನ ಹತ್ತಿರ ಒಂದು ಕೆಂಪು ಭತ್ತ ಇತ್ತು. ಹೊಳೆದಂಡೆಯ ನಮ್ಮ ತಗ್ಗು ಗದ್ದೆಯಲ್ಲಿ ನೆರೆ ನಿಂತರೂ ಕೊಳೆಯದೆ ತಲೆಯೆತ್ತುತ್ತಿತ್ತು. ಅಜ್ಜ ಗೇಣಿ ಮಾಡುತ್ತಿದ್ದ ಕಾಲದಿಂದ ಬಂದ ಬೀಜ. ಊರವರೆಲ್ಲ ಗದ್ದೆಗೆ ಅಡಿಕೆ ಸಸಿ ಇಟ್ಟ ಮೇಲೆ ಅದು ಉಳಿದದ್ದು ಅಪ್ಪಯ್ಯನೊಬ್ಬನಲ್ಲೇ. ಕೊಯ್ಲು ಮುಗಿದ ಮೇಲೆ ಬೀಜಕ್ಕೆ ಹಗಲು ಎಳೆಬಿಸಿಲು, ರಾತ್ರಿ ಇಬ್ಬನಿ ಕೊಟ್ಟು, ಹುಲ್ಲಿನಲ್ಲಿ ಮುಡಿ ಕಟ್ಟಿ ಅಟ್ಟಕ್ಕೇರಿಸುತ್ತಿದ್ದ.

ಮೊನ್ನೆಯ ಮಾಗಿಯಲ್ಲಿ ತೀರ್ಥಹಳ್ಳಿಯ ಅತ್ತೆ ತೀರಿಕೊಂಡರು. "ಬೀಜದ್ ಮೇಲೊಂದ್ ಕಣ್ಣಿರ್ಲಿ ಮಗಾ" ಎಂದು ಅಪ್ಪಯ್ಯ ಅಂಗಳದ ಭತ್ತ ತೋರಿಸಿ ಹೊರಟ. ಅವತ್ತೇ ಸಂಜೆ ಧೋ ಎಂದು ಮಳೆ. ಮಾಗಿಯಲ್ಲಿ! ಶಾಲೆಯಿಂದ ಓಡಿ ಬರುವಷ್ಟರಲ್ಲಿ ಭತ್ತವೆಲ್ಲ ತೊಪ್ಪೆ.

ಜಗುಲಿಯ ಮೇಲೆ ತೆಳ್ಳಗೆ ಹರವಿ, ಕೈಯಾಡಿಸುತ್ತ ಗಾಳಿಗೆ ಆರಿಸಿದ್ದರೆ ಸಾಕಿತ್ತು. ಆದರೆ ನಾನು ಓದಿದವಳಲ್ಲವೇ! ಮರುದಿನ ಚುರುಗುಡುವ ಬಿಸಿಲು ಬಂದದ್ದೇ ತಡ, ಅದನ್ನು ಶಾಲೆಯ ಹಿಂದಿನ ಆ ಅಡಿಕೆ ಶೆಡ್ಡಿನೊಳಗೆ ಹರವಿ, ಬಾಗಿಲು ಹಾಕಿ ಶಾಲೆಗೆ ಹೋದೆ. ಎರಡು ದಿನಕ್ಕೆ ಗರಿಗರಿಯಾಯಿತು. ಅಪ್ಪಯ್ಯ ಬಂದು ಒಂದು ಕಾಳು ಕಡಿದು ನೋಡಿ, "ಚಲೋ ಒಣಗ್ಸಿದೀಯ" ಎಂದ. ನಾನು ಉಬ್ಬಿಹೋದೆ. ಎಲ್ಲಿ ಒಣಗಿಸಿದೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮುಂಗಾರು ಹಿಡಿಯುವ ಮುಂಚೆ ಅಪ್ಪಯ್ಯ ಬೀಜ ನೆನೆಸಿ, ಗೋಣಿಯಲ್ಲಿ ಕಟ್ಟಿ, ಮೇಲೆ ಕಲ್ಲು ಹೇರಿದ. ಮೂರನೇ ದಿನ ಬಿಚ್ಚಿದರೆ ಒಂದೇ ಒಂದು ಮೊಳಕೆ ಇಲ್ಲ. ಇನ್ನೆರಡು ದಿನ ಕಾದ. ಹುಳಿ ವಾಸನೆ ಬಂತು.

ಅಪ್ಪಯ್ಯ ಅಂಗೈ ನೋಡಿಕೊಳ್ಳುತ್ತ ಕೂತುಬಿಟ್ಟ. "ನನ್ ಕೈಗುಣಾನೇ ಹೋಯ್ತು ಮಗಾ. ಅಪ್ಪ ಕೊಟ್ಟಿದ್ ಬೀಜ, ನನ್ ಕೈಲೇ ಮುಗ್ದೋಯ್ತು" ಎಂದು ಅತ್ತ. ಅಪ್ಪಯ್ಯ ಅತ್ತದ್ದನ್ನು ಅಮ್ಮ ಸತ್ತಾಗಲೂ ನಾನು ನೋಡಿರಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಗಲಿಲ್ಲ. ಹಸಿ ಬೀಜ ಆ ಕಾವಿಗೆ ಒಳಗೇ ಬೆಂದಿದೆ, ಕೆಟ್ಟ ಕೈಗುಣ ನಿನ್ನದಲ್ಲ ನನ್ನದು ಎಂದು ಎಲ್ಲ ಹೇಳಿದೆ. ಬೈಯುತ್ತಾನೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಪ್ಪಯ್ಯ ಕಣ್ಣೊರೆಸಿಕೊಂಡು, ನಿಜವಾಗಿಯೂ ತಿಳಿಯದೆ ಕೇಳಿದ: "ಅದ್ರೊಳಗೆ ಅಷ್ಟ್ ಕಾವಿರ್ತದೆ ಅಂತ ನಿಂಗೂ ಗೊತ್ತಿರ್ಲಿಲ್ವಾ ಮಗಾ?"

"ಗೊತ್ತಿತ್ತು ಅಪ್ಪಯ್ಯ" ಎಂದೆ.