ಎಳ್ಳು ಕೊಡಲೋ ಬೇಡವೋ

ಗೆಳೆಯರೇ, ಇವತ್ತು ನೂಲ ಹುಣ್ಣಿಮೆ. ಸೊಲ್ಲಾಪುರದ ನಮ್ಮ ಮಠದಲ್ಲಿ ಜನಿವಾರ ಬದಲಿಸಲು ಹೋಗಿ ನಾನೊಬ್ಬನೇ ನಿಂತೇ ಉಳಿದೆ.

ಹೊಸ ಜನಿವಾರ ಹಾಕಿಸಿದ ಆಚಾರ್ಯರು ಹೇಳಿದರು: “ಮೂರು ಎಳಿ ಅಂದ್ರ ಮೂರು ಋಣ. ದೇವರದು, ಋಷಿಗಳದು, ಪಿತೃಗಳದು. ಈಗ ತರ್ಪಣ. ತಂದಿ ಇಲ್ಲದವರು ಈ ಕಡೆ ಬರ್ರಿ, ಎಳ್ಳು ಕೊಡ್ತೀನಿ. ಇದ್ದವರು ಆ ಕಡೆ ಕೂಡ್ರಿ.”

ನನ್ನ ಹೊರತು ಎಲ್ಲರೂ ತಮ್ಮ ತಮ್ಮ ಸಾಲಿನಲ್ಲಿ ಕುಳಿತರು. ಆಚಾರ್ಯರು ನನ್ನತ್ತ ತಿರುಗಿದರು.

“ನಿಮ್ಮ ತಂದಿ ಇದ್ದಾರೇನ್ರೀ?”

“ಗೊತ್ತಿಲ್ರೀ.”

“ಗೊತ್ತಿಲ್ಲಂದ್ರ ಹ್ಯಾಂಗ್ರೀ? ಎಳ್ಳು ಕೊಡ್ಲೋ ಬ್ಯಾಡೋ?”

ನಾನು ಶಾಲೆಯಲ್ಲಿದ್ದಾಗ ದರ್ಶನಕ್ಕೆಂದು ಅಕ್ಕಲಕೋಟೆಯ ಎಸ್ಟಿ ಬಸ್ಸು ಹತ್ತಿದ ಅಪ್ಪ ಇನ್ನೂ ಮರಳಿಲ್ಲ. ಸತ್ತ ಸುದ್ದಿಯೂ ಇಲ್ಲ.

ಎಳ್ಳಿನ ಸಾಲಿನಿಂದ ಅಪ್ಪನ ತಮ್ಮ, ನಮ್ಮ ಕಾಕಾ, ಸಿಡುಕಿದರು: “ತಗೋಳೋ ಎಳ್ಳು. ಇಷ್ಟು ವರ್ಷ ಆತು, ಇನ್ನೆಲ್ಲಿ ಬರ್ತಾನ ಅಂವ? ಗಿರಣಿ ಭೋಂಗಾ ಕೂಗೋ ಹೊತ್ತಾತು, ನಮಗೂ ಕೆಲಸ ಅದ.”

ಕೈ ಚಾಚಿದೆ. ಮುಂಜಾನೆ ಕನ್ನಡಿಯ ಮುಂದೆ ಕುಂಕುಮ ಹಚ್ಚಿಕೊಳ್ಳುತ್ತಿದ್ದ ಅವ್ವ ನೆನಪಾದಳು. ಎಳ್ಳು ಹಿಡಿದರೆ ಅದನ್ನು ನಾನೇ ಒರೆಸಿದಂತೆ. ಕೈ ಹಿಂದೆಗೆದು, ತಂದೆ ಇದ್ದವರ ಸಾಲಿನಲ್ಲಿ ಕುಳಿತೆ.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಕೇಳಿದಳು, “ಯಾವ ಸಾಲಿನ್ಯಾಗ ಕೂತಿದ್ದಿ?”

“ತಂದಿ ಇದ್ದವರ ಸಾಲಿನ್ಯಾಗ.”

ಅವಳು ಖುಷಿಪಡಲಿಲ್ಲ. ಹಣೆ ಮುಟ್ಟಿಕೊಂಡು, “ಹಂಗಾದ್ರ ಇನ್ನೂ ಒಂದ ವರ್ಷ ಹಚ್ಕೋಬೇಕು,” ಎಂದು ಒಳಗೆ ಹೋದಳು.

ಅಪ್ಪ ಎಲ್ಲಾದರೂ ಬದುಕಿದ್ದರೆ, ಎಲ್ಲಿ ಕೂಡಬೇಕೆಂಬ ತೊಡಕು ಇವತ್ತು ಅವನಿಗೆ ಬಂದಿರಲಿಕ್ಕಿಲ್ಲ. ಅವನ ಅಪ್ಪ, ನಮ್ಮ ಅಜ್ಜ, ಮನೆಯಲ್ಲಿಯೇ, ಎಲ್ಲರ ಕಣ್ಣೆದುರಿಗೆ ಸತ್ತವರು.