ಮಹದೇವಮ್ಮ ಬರೆದಿಟ್ಟ ರಂಜಿನಿ

ಸೋಮನಾಥಪುರದ ಪಕ್ಕದ ಊರಿನ ಅಂಗನವಾಡಿಯಲ್ಲಿ ಮಹದೇವಮ್ಮ ಮೂವತ್ತು ವರ್ಷ ಟೀಚರಾಗಿದ್ದರು. ಓದಿದ್ದು ಎಸ್ಸೆಸ್ಸೆಲ್ಸಿ. ಮಕ್ಕಳನ್ನು ತೂಕ ಮಾಡಿ ಚಾರ್ಟಿನಲ್ಲಿ ಚುಕ್ಕೆ ಇಡುವ ಕೆಲಸವನ್ನು ಎಂದೂ ತಪ್ಪಿಸಿದವರಲ್ಲ.

ರಂಜಿನಿ ಅಲ್ಲಿಗೆ ಬಂದಾಗ ಮೂರೂವರೆ ವರ್ಷದವಳು. ತೂಕ ಸರಿಯಿತ್ತು. ಆದರೆ ಎರಡು ಪದ ಕೂಡಿಸಿ ಮಾತಾಡುತ್ತಿರಲಿಲ್ಲ. ಮಿಕ್ಕ ಮಕ್ಕಳು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಓಡಿದರೆ, ಇವಳು ಎರಡನ್ನೂ ಕೈಯಲ್ಲಿ ಹಿಡಿದು ನಿಂತಿರುತ್ತಿದ್ದಳು.

ಮಹದೇವಮ್ಮ ಇದನ್ನು ಅವಳ ಅಪ್ಪ ಜಗನ್‌ಗೆ ಹೇಳಿದರು. ಗಾರೆ ಕೆಲಸದ ಜಗನ್ ನಕ್ಕುಬಿಟ್ಟ. "ನಾನೂ ಮಾತಾಡಿದ್ದು ಐದು ವರ್ಸಕ್ಕಂತೆ ಕಣಕ್ಕ. ನಮ್ಮನೆ ಐಕ್ಳೇ ಅಂಗೆ."

ಅವನ ಹೆಂಡತಿ ನಯನ ನಗಲಿಲ್ಲ. "ಬಸ್ರಿಲಿ ನಾನು ಗ್ರಹಣ ನೋಡ್ಬುಟ್ಟೆ ಅಂತಾರೆ ಮನೇಲಿ" ಎಂದಳು ಮೆಲ್ಲಗೆ.

"ಅಂಗೆಲ್ಲ ಏನೂ ಇಲ್ಲ ಕಣವ್ವ. ಏನು ಅಂತ ತಿಳ್ಕಳವ, ಅಷ್ಟೆ" ಎಂದರು ಮಹದೇವಮ್ಮ.

ಟೌನಿನ ಒಬ್ಬ ಡಾಕ್ಟರು ಟಾನಿಕ್ ಬರೆದು, ದೊಡ್ಡವಳಾದಂತೆ ಸರಿಹೋಗುತ್ತೆ ಎಂದು ಕಳಿಸಿದರು. ಟಾನಿಕ್ಕಿನ ಬಾಟಲಿ ಮೂರು ಮುಗಿದವು. ಮಹದೇವಮ್ಮ ಒಂದು ಉದ್ದನೆಯ ನೋಟ್‌ಬುಕ್ ತಂದು, ತಾವು ಕಂಡದ್ದನ್ನು ಬರೆಯತೊಡಗಿದರು. 'ಬಾಗಿಲು ಹಾಕು ಅಂದರೆ ಹಾಕುತ್ತಾಳೆ. ಬಾಗಿಲು ಹಾಕಿ ಚಾಪೆ ತಾ ಅಂದರೆ ಬಾಗಿಲಲ್ಲೇ ನಿಲ್ಲುತ್ತಾಳೆ.' 'ಯಾರಾದರೂ ಅತ್ತರೆ ಪಕ್ಕದಲ್ಲಿ ಹೋಗಿ ಕೂರುತ್ತಾಳೆ.' ಆಗದ್ದರ ಜೊತೆ ಆದದ್ದನ್ನೂ ಬರೆದರು.

ಎರಡು ವರ್ಷ ಕಳೆಯಿತು. ಜಗನ್‌ನ ತಂಗಿಯ ಮಗು ರಂಜಿನಿಗಿಂತ ಎರಡು ವರ್ಷ ಚಿಕ್ಕದು. ಅದು ರಂಜಿನಿಗೆ ಅಂಗಿ ಗುಂಡಿ ಹಾಕಿಕೊಡುವುದನ್ನು ಅವನು ಕಣ್ಣಾರೆ ಕಂಡ. ಮಾರನೆಯ ಬೆಳಿಗ್ಗೆ ತಾನೇ ಅಂಗನವಾಡಿಗೆ ಬಂದ. "ಅಕ್ಕ, ಮೈಸೂರಿಗೆ ಓಗ್ಬರವ. ನೀವೂ ಬನ್ನಿ."

ಮೈಸೂರಿನ ಆಸ್ಪತ್ರೆಯಲ್ಲಿ ಮೊದಲು ಕಿವಿ ಪರೀಕ್ಷಿಸಿದರು. ಕೇಳಿಸುವುದರಲ್ಲಿ ತೊಂದರೆಯಿರಲಿಲ್ಲ. ಆಮೇಲೆ ಮನಶ್ಶಾಸ್ತ್ರಜ್ಞೆಯೊಬ್ಬರು ರಂಜಿನಿಯ ಜೊತೆ ನೆಲದ ಮೇಲೆ ಕೂತು ಮರದ ತುಂಡು ಜೋಡಿಸಿದರು, ಚಿತ್ರ ತೋರಿಸಿ ಕೇಳಿದರು. ಬಳಿಕ ಅಪ್ಪ ಅಮ್ಮನ ಸರದಿ: ತಾನೇ ಉಣ್ಣುತ್ತಾಳಾ, ಬಟ್ಟೆ ಹಾಕಿಕೊಳ್ಳುತ್ತಾಳಾ, ಪಕ್ಕದ ಬೀದಿಯಿಂದ ಮನೆಗೆ ಬರುತ್ತಾಳಾ? ನಯನ ತಡವರಿಸಿದಳು. ಮಹದೇವಮ್ಮ ಚೀಲದಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು.

ಮನಶ್ಶಾಸ್ತ್ರಜ್ಞೆ ಅದನ್ನು ಬಹಳ ಹೊತ್ತು ಓದಿದರು. "ಇದನ್ನ ಬರ್ದೋರು ಯಾರು?"

ಮಹದೇವಮ್ಮ ಎದ್ದು ನಿಂತರು. "ನಾನೇ ಮೇಡಂ. ತಪ್ಪೇನಾರ ಇದ್ರೆ..."

"ಪರೀಕ್ಷೆಯ ದಿನ ಮಗು ಹೆದರಿರಬಹುದು, ಹಸಿದಿರಬಹುದು. ಈ ಪುಸ್ತಕದಲ್ಲಿ ಮಗುವಿನ ಎರಡು ವರ್ಷವೇ ಇದೆ. ನನಗೆ ಬೇಕಾಗಿದ್ದು ಇದೇ."

ಆಮೇಲೆ ನಿಧಾನವಾಗಿ ವಿವರಿಸಿದರು. ರಂಜಿನಿಗಿರುವುದು ಬೌದ್ಧಿಕ ಅಂಗವೈಕಲ್ಯ, ಸೌಮ್ಯ ಮಟ್ಟದ್ದು. ಟಾನಿಕ್ಕಿನಿಂದ ವಾಸಿಯಾಗುವ ಕಾಯಿಲೆಯಲ್ಲ. ಕಲಿಯುತ್ತಾಳೆ, ಆದರೆ ಒಂದೊಂದೇ ಹೆಜ್ಜೆ ಬಿಡಿಸಿ ಹೇಳಿಕೊಡಬೇಕು.

"ತಪ್ಪು ಯಾರ್ದು ಮೇಡಂ?" ಜಗನ್ ಕೇಳಿದ.

"ಯಾರದ್ದೂ ಅಲ್ಲ."

ಬಸ್ಸಿನಲ್ಲಿ ನಯನ ದಾರಿಯುದ್ದಕ್ಕೂ ಅತ್ತಳು. ಅದು ತನ್ನ ತಪ್ಪಲ್ಲವೆಂದು ಮನಸ್ಸು ಹಗುರಾದ ಅಳು ಎಂದು ಮಹದೇವಮ್ಮನಿಗೆ ಗೊತ್ತಾಯಿತು. ಅವಳ ಕೈ ಹಿಡಿದುಕೊಂಡು ಕೂತರು.

ರಂಜಿನಿ ಗುಂಡಿ ಹಾಕಲು ಕಲಿಯುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು, ಹೆಸರು ಬರೆಯಲು ಎರಡು ವರ್ಷ. ಈ ನಡುವೆ ಇಲಾಖೆಯ ಮೇಲ್ವಿಚಾರಕಿ ಆ ನೋಟ್‌ಬುಕ್ಕನ್ನು ಜೆರಾಕ್ಸ್ ಮಾಡಿಸಿ ಸುತ್ತಲಿನ ಅಂಗನವಾಡಿಗಳಿಗೆ ಹಂಚಿದರು. ಅದರಂತೆಯೇ ತಮ್ಮಲ್ಲಿನ ಮಕ್ಕಳ ಬಗ್ಗೆ ಬರೆದಿಟ್ಟ ಟೀಚರುಗಳಿಂದಾಗಿ ಹನ್ನೊಂದು ಮಕ್ಕಳು ತಡವಾಗುವ ಮೊದಲೇ ಮೈಸೂರಿನ ಆಸ್ಪತ್ರೆ ಮುಟ್ಟಿದರು. ಟೀಚರುಗಳ ತರಬೇತಿಯಲ್ಲಿ ಮಹದೇವಮ್ಮನೇ ಎದ್ದು ಪಾಠ ಹೇಳಿದರು, ಪದವಿ ಓದಿದವರ ಮುಂದೆ.

ರಂಜಿನಿಗೆ ಈಗ ಹತ್ತೊಂಬತ್ತು. ನರಸೀಪುರದ ಒಂದು ಸಸಿ ನರ್ಸರಿಯಲ್ಲಿ ಕೆಲಸ. ಐದು ತಿಂಗಳು ಅಮ್ಮನ ಜೊತೆ ಓಡಾಡಿ, ಈಗ ಒಬ್ಬಳೇ ಬಸ್ಸಿಗೆ ಹೋಗುತ್ತಾಳೆ. ಮೊನ್ನೆ ಅದೇ ಬಸ್ಸಿಗೆ ಹತ್ತಿದ, ನಿವೃತ್ತರಾದ ಮಹದೇವಮ್ಮನನ್ನು ಕಂಡು ಎದ್ದು ನಿಂತಳು.

"ಕೂತ್ಕಳಿ ಟೀಚರ್. ನಾನು ಮುಂದಿನ್ ಸ್ಟಾಪ್ ಇಳೀತೀನಿ."

ಮಹದೇವಮ್ಮ ಕೂತರು. ಪಕ್ಕದ ಹೆಂಗಸು, ಯಾರು ಈ ಹುಡುಗಿ ಎಂದು ಕೇಳಿದಳು.

"ನಮ್ಮುಡ್ಗಿ" ಎಂದರು.